ದಾಸ್ತಾನು ಮುಗಿದಾಗ ಮಾತು ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ 2007ರ ಅಕ್ಟೋಬರ್‌ನಲ್ಲಿ ಆರಂಭಗೊಂಡ ಫ್ಲಿಪ್‌ಕಾರ್ಟ್ ಸಂಸ್ಥೆಗೆ ಬಂದ ಮೊದಲ ಬೇಡಿಕೆ ಒಂದು ಪುಸ್ತಕದ್ದು. ಜಾನ್ ವುಡ್ ಬರೆದ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದಿ ವರ್ಲ್ಡ್’ ಎಂಬ ಆ ಕೃತಿಯನ್ನು ಬಯಸಿದವರು ಅಂದಿನ ಆಂಧ್ರಪ್ರದೇಶದ, ಇಂದಿನ ತೆಲಂಗಾಣದ ಮೆಹಬೂಬ್‌ನಗರದ ಓದುಗರೊಬ್ಬರು. ಸಂಸ್ಥೆಯ ಬಳಿ ಆಗ ಗೋದಾಮಿರಲಿಲ್ಲ. ವಿತರಕರ ಬಳಿ ಪುಸ್ತಕ ಸಿಗಲಿಲ್ಲ. ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ನಗರದ ಪುಸ್ತಕದಂಗಡಿಗಳಲ್ಲಿ ಹುಡುಕಾಡಿ, ಕೊನೆಗೆ ಒಂದು ಪ್ರತಿಯನ್ನು ಸಂಪಾದಿಸಿ ಕಳುಹಿಸಿಕೊಟ್ಟರು. ಒಪ್ಪಿಕೊಂಡ ಮಾಲು ಕೈಯಲ್ಲಿಲ್ಲದಿದ್ದಾಗ ಅದನ್ನು ಮತ್ತೊಂದು ಮೂಲದಿಂದ ಪಡೆದು ಮಾತು ಉಳಿಸಿಕೊಳ್ಳುವ ಕ್ರಮಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಒಂದು ಪುಸ್ತಕಕ್ಕಾದರೆ ಇಬ್ಬರು ಅಂಗಡಿ ಅಂಗಡಿ ಸುತ್ತಬಹುದು. ದಿನಕ್ಕೆ ಸಾವಿರಾರು ಬೇಡಿಕೆಗಳು ಬರುವಲ್ಲಿ ಆ ಓಡಾಟವನ್ನು ಗಣಕಯಂತ್ರಕ್ಕೆ ವಹಿಸದೆ ಗತ್ಯಂತರವಿಲ್ಲ. ಈ ಕೆಲಸ ಮಾಡುವುದೇ ಬೇಡಿಕೆ ನಿರ್ವಹಣಾ ತಂತ್ರಾಂಶ. ಮಾರುಕಟ್ಟೆಯಲ್ಲಿ ಇದನ್ನು ‘ಆರ್ಡರ್ ಮ್ಯಾನೇಜ್‌ಮೆಂಟ್’ ಎಂದೇ ಕರೆಯುತ್ತಾರೆ. ಆದರೆ ತಂತ್ರಾಂಶವು ಯಾವ ಅಂಗಡಿಗಳನ್ನು ಸುತ್ತಬೇಕು, ಎಷ್ಟು ಹೆಚ್ಚು ಬೆಲೆ ತೆರಬಹುದು, ಯಾವ ವಸ್ತುವಿಗೆ ಯಾವುದು ಬದಲಿಯಾದೀತು ಎಂಬುದನ್ನು ಮನುಷ್ಯರೇ ಮೊದಲು ಹೇಳಿಕೊಟ್ಟಿರಬೇಕು. ಹೇಳಿಕೊಡದಿದ್ದರೆ ಅದು ‘ಮಾಲು ಇಲ್ಲ’ ಎಂಬ ಒಂದೇ ಉತ್ತರವನ್ನು ಬಹಳ ವೇಗವಾಗಿ ನೀಡುತ್ತದೆ, ಅಷ್ಟೆ.

ಬ್ಯಾಕ್ ಆರ್ಡರ್ ಎಂದರೇನು?

ಗ್ರಾಹಕನ ಬೇಡಿಕೆಯನ್ನು ಸ್ವೀಕರಿಸಲಾಗಿದೆ, ಆದರೆ ಪೂರೈಸಲು ದಾಸ್ತಾನು ಸಾಲದು. ಮಾಲು ಬಂದ ಕೂಡಲೇ ಕಳುಹಿಸಲಾಗುವುದು ಎಂಬ ಸ್ಥಿತಿಯೇ ಬ್ಯಾಕ್ ಆರ್ಡರ್. ಬೇಡಿಕೆಯನ್ನು ತಿರಸ್ಕರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ವ್ಯಾಪಾರಿ ಮಾತು ಕೊಟ್ಟಿರುತ್ತಾನೆ. ಅನೇಕ ವೇಳೆ ಹಣವನ್ನೂ ಪಡೆದಿರುತ್ತಾನೆ.

ತಂತ್ರಾಂಶ ಇದನ್ನು ಗುರುತಿಸುವುದು ಸರಳ ಲೆಕ್ಕದಿಂದ. ಗೋದಾಮಿನಲ್ಲಿರುವ ಮಾಲಿಗೆ ಬರಬೇಕಾದ ಮಾಲನ್ನು ಕೂಡಿಸಿ, ಇತರರಿಗೆ ಈಗಾಗಲೇ ಮೀಸಲಾದುದನ್ನು ಕಳೆದರೆ ಉಳಿಯುವುದನ್ನು ಮಾತ್ರ ಹೊಸ ಗ್ರಾಹಕನಿಗೆ ಒಪ್ಪಿಕೊಳ್ಳಬಹುದು. ಉದ್ಯಮ ವಲಯದಲ್ಲಿ ಇದಕ್ಕೆ ‘ಅವೈಲಬಲ್ ಟು ಪ್ರಾಮಿಸ್’ ಎಂಬ ಹೆಸರಿದೆ. ಮಾತು ಕೊಡಲು ಲಭ್ಯವಿರುವ ಮಾಲು ಎಂಬುದು ಅದರ ಅರ್ಥ. ಇಂತಹ ಲೆಕ್ಕಾಚಾರವನ್ನು ಒಳಗೊಂಡ ಉದ್ಯಮ ತಂತ್ರಾಂಶಗಳ ಅಭಿವೃದ್ಧಿಯಲ್ಲಿ ಬೆಂಗಳೂರಿಗೂ ಪಾಲುಂಟು. ಜರ್ಮನಿಯ ಎಸ್‌ಎಪಿ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯ 1998ರಿಂದ ಕಾರ್ಯನಿರ್ವಹಿಸುತ್ತಿದೆ.

ಕೊರತೆ ಬಿದ್ದಾಗ ಇರುವ ದಾರಿಗಳು

ಕೊರತೆ ಕಂಡೊಡನೆ ತಂತ್ರಾಂಶದ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಮೊದಲನೆಯದು, ತನ್ನದೇ ಸಂಸ್ಥೆಯ ಮತ್ತೊಂದು ಗೋದಾಮಿನಿಂದ ಮಾಲನ್ನು ವರ್ಗಾಯಿಸುವುದು. ಎರಡನೆಯದು, ಮಾಮೂಲಿ ಸರಬರಾಜುದಾರನನ್ನು ಬಿಟ್ಟು ಬೇರೊಬ್ಬನಿಂದ ಅದೇ ವಸ್ತುವನ್ನು ಖರೀದಿಸುವುದು. ಮೂರನೆಯದು, ಮಾಲನ್ನು ತನ್ನ ಗೋದಾಮಿಗೆ ತರಿಸದೆ ಸರಬರಾಜುದಾರನಿಂದ ನೇರವಾಗಿ ಗ್ರಾಹಕನಿಗೇ ಕಳುಹಿಸುವುದು. ನಾಲ್ಕನೆಯದು, ಕೇಳಿದ ವಸ್ತುವಿನ ಬದಲು ಅದೇ ಕೆಲಸ ಮಾಡಬಲ್ಲ ಮತ್ತೊಂದನ್ನು ನೀಡುವುದು. ಇವುಗಳ ಜೊತೆಗೆ, ಇರುವಷ್ಟನ್ನು ಈಗ ಕಳುಹಿಸಿ ಉಳಿದುದನ್ನು ನಂತರ ಕಳುಹಿಸುವ ಏರ್ಪಾಡೂ ಇದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬನಿಗೆ ಬೇಸಿಗೆಯ ನಡುವೆ ಹಳ್ಳಿಯ ಅಂಗಡಿಯೊಂದರಿಂದ ಪಂಪ್‌ಸೆಟ್‌ಗೆ ಬೇಕಾದ 40 ಮೆಕ್ಯಾನಿಕಲ್ ಸೀಲ್‌ಗಳಿಗೆ ಬೇಡಿಕೆ ಬರುತ್ತದೆ. ದಾಸ್ತಾನಿನಲ್ಲಿರುವುದು 15. ಅದರಲ್ಲಿ 5 ಬೇರೆಯವರಿಗೆ ಮೀಸಲು. ಆದ್ದರಿಂದ ಕೊಡಬಹುದಾದದ್ದು 10, ಕೊರತೆ 30. ಬೆಳಗಾವಿಯ ಶಾಖೆಯಲ್ಲಿ 12 ಇವೆ. ಅಲ್ಲಿನ ಅಗತ್ಯಕ್ಕೆ 4 ಬಿಟ್ಟರೆ 8 ಸಿಗುತ್ತವೆ. ಇನ್ನು ಬೇಕಾದದ್ದು 22. ಮಾಮೂಲಿಯಾಗಿ ಪೂರೈಸುವ ಕೊಯಮತ್ತೂರಿನ ತಯಾರಕ 21 ದಿನ ಕೇಳುತ್ತಾನೆ. ರಾಜ್‌ಕೋಟ್‌ನ ತಯಾರಕ 6 ದಿನಗಳಲ್ಲಿ ಕೊಡಬಲ್ಲ. ಆದರೆ ಕನಿಷ್ಠ 50 ಕೊಳ್ಳಬೇಕು ಮತ್ತು 200 ರೂಪಾಯಿಯ ವಸ್ತುವಿಗೆ 216 ರೂಪಾಯಿ ತೆರಬೇಕು.

ಈಗ ಲೆಕ್ಕ ನೋಡಬೇಕು. 50 ಸೀಲ್‌ಗಳಿಗೆ ತಲಾ 16 ರೂಪಾಯಿಯಂತೆ 800 ರೂಪಾಯಿ ಹೆಚ್ಚುವರಿ ವೆಚ್ಚ. ಸಾಗಣೆಗೆ 600 ರೂಪಾಯಿ ಹೆಚ್ಚಾದರೆ ಒಟ್ಟು 1,400. 22 ಸೀಲ್‌ಗಳ ಮೇಲೆ ತಲಾ 60 ರೂಪಾಯಿ ಲಾಭವಿದ್ದರೆ ಬರುವುದು 1,320. ಅಂದರೆ ಬದಲಿ ಮೂಲದಿಂದ ತರಿಸಿದರೆ 80 ರೂಪಾಯಿ ನಷ್ಟ. ‘ನಷ್ಟವಾದರೆ ಬೇಡ’ ಎಂಬ ನಿಯಮವನ್ನಷ್ಟೇ ಕಲಿತ ತಂತ್ರಾಂಶ 22 ಸೀಲ್‌ಗಳನ್ನು 21 ದಿನ ಬಾಕಿ ಇರಿಸುತ್ತದೆ. ಅಷ್ಟರಲ್ಲಿ ಹಳ್ಳಿಯ ಅಂಗಡಿಯವನು ಬೇರೊಬ್ಬ ಸಗಟು ವ್ಯಾಪಾರಿಯ ಕಡೆ ಹೋಗಿರುತ್ತಾನೆ. ಅವನನ್ನು ನಂಬಿದ ರೈತನ ಪೈರು ಬಾಡಿರುತ್ತದೆ. ಮುಂದಿನ ವರ್ಷದ ಬೇಡಿಕೆಯಾಗಲಿ, ಒಣಗಿದ ಪೈರಾಗಲಿ ಆ 80 ರೂಪಾಯಿಯ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಕಾಯಂ ಗ್ರಾಹಕನಿಗೆ ಇಷ್ಟು ನಷ್ಟವನ್ನು ಸಹಿಸಬಹುದು, ಬೇಸಿಗೆಯಲ್ಲಿ ಪಂಪ್‌ಸೆಟ್ ಬಿಡಿಭಾಗಕ್ಕೆ ಆದ್ಯತೆ ನೀಡಬೇಕು ಎಂಬ ಮಿತಿಗಳನ್ನು ವ್ಯಾಪಾರಿಯೇ ಮುಂಚಿತವಾಗಿ ನಮೂದಿಸಿರಬೇಕಾಗುತ್ತದೆ.

ಒಂದು ಸಿಡಿಲು, ಎರಡು ಕಂಪೆನಿಗಳು

ಮುಂಚಿತವಾಗಿ ಸಿದ್ಧರಾಗುವುದರ ಬೆಲೆ ಎಷ್ಟು ಎಂಬುದನ್ನು ಉದ್ಯಮ ಜಗತ್ತು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2000ದಲ್ಲಿ. ಆ ವರ್ಷದ ಮಾರ್ಚ್ 17ರಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕ್‌ನಲ್ಲಿ ಬಡಿದ ಸಿಡಿಲಿನಿಂದಾಗಿ ಅಲ್ಲಿನ ಫಿಲಿಪ್ಸ್ ಕಂಪೆನಿಯ ಚಿಪ್ ಕಾರ್ಖಾನೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಬೆಂಕಿ ನಂದಿತು. ಆದರೆ ಧೂಳಿನ ಕಣವೂ ಸುಳಿಯಬಾರದಂತಹ ಕೋಣೆಗಳಿಗೆ ಹೊಗೆ ಮತ್ತು ನೀರು ನುಗ್ಗಿದ್ದವು. ಸುಮಾರು ಒಂದು ವಾರ ವಿಳಂಬವಾಗಬಹುದೆಂದು ಫಿಲಿಪ್ಸ್ ತನ್ನ ಗ್ರಾಹಕರಿಗೆ ತಿಳಿಸಿತು. ಆ ಗ್ರಾಹಕರಲ್ಲಿ ಮೊಬೈಲ್ ದೂರವಾಣಿ ತಯಾರಿಸುತ್ತಿದ್ದ ಫಿನ್ಲೆಂಡಿನ ನೋಕಿಯಾ ಮತ್ತು ಸ್ವೀಡನ್ನಿನ ಎರಿಕ್ಸನ್ ಪ್ರಮುಖರು.

ಸುದ್ದಿ ಎರಡೂ ಕಂಪೆನಿಗಳಿಗೆ ತಲುಪಿತು. ಎರಡೂ ಅದನ್ನು ಬೇರೆ ಬೇರೆ ರೀತಿಯಲ್ಲಿ ಗ್ರಹಿಸಿದವು. ನೋಕಿಯಾ ಆ ಚಿಪ್‌ಗಳನ್ನು ವಿಶೇಷ ನಿಗಾ ಪಟ್ಟಿಗೆ ಸೇರಿಸಿ ಪ್ರತಿದಿನ ವಿಚಾರಿಸತೊಡಗಿತು. ವಿಳಂಬ ವಾರದ್ದಲ್ಲ, ತಿಂಗಳುಗಳದ್ದು ಎಂದು ಅರಿವಾದೊಡನೆ ಫಿಲಿಪ್ಸ್‌ನ ಬೇರೆ ಕಾರ್ಖಾನೆಗಳಲ್ಲಿ ತಯಾರಿಕಾ ಸಾಮರ್ಥ್ಯವನ್ನು ಪಡೆದುಕೊಂಡಿತು. ಇತರ ತಯಾರಕರಿಂದಲೂ ಮಾಲು ತರಿಸಿತು. ಬೇರೆಡೆ ತಯಾರಿಸಲು ಅನುಕೂಲವಾಗುವಂತೆ ಕೆಲವು ಚಿಪ್‌ಗಳ ವಿನ್ಯಾಸವನ್ನೇ ಬದಲಿಸಿತು. ಎರಿಕ್ಸನ್ ವೆಚ್ಚ ತಗ್ಗಿಸುವ ಸಲುವಾಗಿ ಅದಕ್ಕೂ ಮುನ್ನವೇ ಮುಖ್ಯ ಚಿಪ್‌ಗಳಿಗೆ ಒಂದೇ ಮೂಲವನ್ನು ನೆಚ್ಚಿಕೊಂಡಿತ್ತು. ಅದು ಎಚ್ಚೆತ್ತುಕೊಳ್ಳುವ ವೇಳೆಗೆ ಇತರ ಮೂಲಗಳ ಸಾಮರ್ಥ್ಯ ಬೇರೆಯವರ ಪಾಲಾಗಿತ್ತು. ಈ ಕೊರತೆಯಿಂದ ಎರಿಕ್ಸನ್‌ಗೆ ಆದ ನಷ್ಟ ಸುಮಾರು 40 ಕೋಟಿ ಡಾಲರ್. 2001ರಲ್ಲಿ ಅದರ ಮೊಬೈಲ್ ತಯಾರಿಕಾ ವಿಭಾಗ ಜಪಾನಿನ ಸೋನಿಯೊಂದಿಗೆ ಕೂಡಿ ಜಂಟಿ ಕಂಪೆನಿಯಾಯಿತು. ಅದಕ್ಕೆ ಅನ್ಯ ಕಾರಣಗಳೂ ಇದ್ದವು. ಆದರೆ ಅಲ್ಬುಕರ್ಕ್‌ನ ಬೆಂಕಿಯನ್ನೂ ಕಾರಣಗಳಲ್ಲೊಂದಾಗಿ ಹೇಳಲಾಗುತ್ತದೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಎರಡನೆಯ ಸರಬರಾಜುದಾರನ ಹೆಸರು, ದರ, ಅವಧಿ, ಗುಣಮಟ್ಟದ ಪರೀಕ್ಷೆ ಇವೆಲ್ಲವೂ ಕೊರತೆ ಬರುವ ಮೊದಲೇ ತಂತ್ರಾಂಶದ ಕಡತದಲ್ಲಿರಬೇಕು. ವರ್ಷಕ್ಕೊಮ್ಮೆಯಾದರೂ ಅವನಿಂದ ಅಲ್ಪಸ್ವಲ್ಪ ಖರೀದಿಸಿ ಸಂಬಂಧವನ್ನು ಜೀವಂತವಾಗಿಡುವ ಸಂಸ್ಥೆಗಳಿವೆ. ಅಗತ್ಯ ಬಿದ್ದ ದಿನ ಮೊದಲ ಬಾರಿಗೆ ಬಾಗಿಲು ತಟ್ಟುವವನಿಗೆ ಸರದಿಯ ಕೊನೆಯ ಸ್ಥಾನವೇ ಗತಿ.

ಬದಲಿ ಎಂದರೆ ಅದೇ ಅಲ್ಲ

ನಾಲ್ಕು ದಾರಿಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಬದಲಿ ವಸ್ತುವಿನ ದಾರಿ. ಗಣಕಯಂತ್ರದ ಪಟ್ಟಿಯಲ್ಲಿ ಎರಡು ಸೀಲ್‌ಗಳು ಒಂದೇ ಹೆಸರಿನಲ್ಲಿರಬಹುದು; ಶಾಫ್ಟ್‌ನ ಅಳತೆಯಲ್ಲಿ ತುಸು ಅಂತರವಿದ್ದರೂ ನೀರು ಸೋರಿ ಬೇರಿಂಗ್ ಹಾಳಾಗಬಹುದು, ಮೋಟಾರು ಕೆಡಬಹುದು. ಆದ್ದರಿಂದ ‘ಇದಕ್ಕೆ ಅದು ಬದಲಿ’ ಎಂದು ನಮೂದಿಸುವ ಅಧಿಕಾರ ವಸ್ತುವನ್ನು ಬಲ್ಲವನ ಕೈಯಲ್ಲಿರಬೇಕೇ ಹೊರತು ಬಿಲ್ಲು ಬರೆಯುವವನ ಕೈಯಲ್ಲಲ್ಲ. ಒಂದು ದಿಕ್ಕಿನಲ್ಲಿ ಬದಲಿಯಾದದ್ದು ಇನ್ನೊಂದು ದಿಕ್ಕಿನಲ್ಲಿ ಆಗದಿರಬಹುದು ಎಂಬುದನ್ನೂ ನೆನಪಿಡಬೇಕು. ಹೆಚ್ಚು ಶಾಖ ತಾಳುವ ಸೀಲ್ ಸಾಧಾರಣ ಸೀಲ್‌ನ ಜಾಗದಲ್ಲಿ ನಡೆದೀತು. ಸಾಧಾರಣವಾದದ್ದು ಅದರ ಜಾಗದಲ್ಲಿ ನಡೆಯದು.

ಔಷಧದ ವಿಷಯದಲ್ಲಂತೂ ಕಾನೂನೇ ಗೆರೆ ಎಳೆದಿದೆ. 1945ರ ಔಷಧ ನಿಯಮಗಳ ಪ್ರಕಾರ, ‘ಎಚ್’ ಮತ್ತು ‘ಎಕ್ಸ್’ ಅನುಸೂಚಿಗಳಲ್ಲಿನ ಔಷಧವನ್ನು ವೈದ್ಯರು ಬರೆದುಕೊಟ್ಟಿದ್ದರೆ ಅಂಗಡಿಯವನು ತನ್ನಿಷ್ಟದಂತೆ ಅದರ ಜಾಗದಲ್ಲಿ ಮತ್ತೊಂದನ್ನು ಕೊಡುವಂತಿಲ್ಲ. ಒಳಗಿನ ದ್ರವ್ಯ ಒಂದೇ ಆಗಿದ್ದರೂ ಕೊಡುವಂತಿಲ್ಲ. ಇಂತಹ ವಸ್ತುಗಳಿಗೆ ತಂತ್ರಾಂಶದಲ್ಲಿ ಬದಲಿಯ ಬಾಗಿಲನ್ನು ಮುಚ್ಚಿ, ಬೇರೆ ಗೋದಾಮು ಅಥವಾ ಬೇರೆ ವಿತರಕನಿಂದ ಅದೇ ಔಷಧ ತರಿಸುವ ದಾರಿಯನ್ನು ಮಾತ್ರ ತೆರೆದಿಡಬೇಕಾಗುತ್ತದೆ.

ಎಲ್ಲಿ ಎಡವುತ್ತಾರೆ?

ಬದಲಿ ಮೂಲದ ವ್ಯವಸ್ಥೆ ಇದ್ದರೂ ಎಡವುವ ಸ್ಥಳಗಳು ಕೆಲವಿವೆ. ಮೊದಲನೆಯದು ಜೋಡಿ ಖರೀದಿ. ರಾಜ್‌ಕೋಟ್‌ಗೆ ಹೊಸ ಖರೀದಿ ಆದೇಶ ಹೋಗುತ್ತದೆ. ಕೊಯಮತ್ತೂರಿಗೆ ಹೋಗಿದ್ದ ಹಳೆಯ ಆದೇಶವನ್ನು ಯಾರೂ ತಿದ್ದುವುದಿಲ್ಲ. ಮೂರು ವಾರಗಳ ನಂತರ ಎರಡೂ ಕಡೆಯಿಂದ ಮಾಲು ಬಂದು ಗೋದಾಮು ತುಂಬುತ್ತದೆ, ಹಣ ಸಿಕ್ಕಿಕೊಳ್ಳುತ್ತದೆ. ಪ್ರತಿಯೊಂದು ಖರೀದಿ ಆದೇಶವನ್ನೂ ಅದು ಯಾವ ಗ್ರಾಹಕನ ಬೇಡಿಕೆಗಾಗಿ ಎಂಬುದರೊಂದಿಗೆ ಜೋಡಿಸಿಟ್ಟರೆ, ಒಂದು ಕಡೆ ಬದಲಾದಾಗ ಇನ್ನೊಂದನ್ನು ಕಡಿತಗೊಳಿಸುವಂತೆ ತಂತ್ರಾಂಶವೇ ಎಚ್ಚರಿಸಬಲ್ಲದು.

ಎರಡನೆಯದು ಕಾಗದದ ಮೇಲಿನ ದಾಸ್ತಾನು. ಬೆಳಗಾವಿಯಲ್ಲಿ 12 ಇದೆ ಎಂದು ಗಣಕಯಂತ್ರ ಹೇಳುತ್ತದೆ, ಕಪಾಟಿನಲ್ಲಿರುವುದು 9. ಒಡೆದದ್ದು, ಕಳೆದದ್ದು, ಹಿಂದಿರುಗಿಸಿದ್ದು ಲೆಕ್ಕಕ್ಕೆ ಸೇರಿರುವುದಿಲ್ಲ. ಆ ಸಂಖ್ಯೆಯ ಮೇಲೆ ಕೊಟ್ಟ ಮಾತು ಎರಡನೆಯ ಬಾರಿಗೂ ತಪ್ಪುತ್ತದೆ. ನಿಯತವಾಗಿ ಎಣಿಕೆ ಮಾಡದ ಸಂಸ್ಥೆಗೆ ಎಷ್ಟು ದುಬಾರಿ ತಂತ್ರಾಂಶವಿದ್ದರೂ ವ್ಯರ್ಥ.

ಮೂರನೆಯದು ಸರದಿಯ ಪ್ರಶ್ನೆ. ಮಾಲು ಬಂದಾಗ ಮೊದಲು ಯಾರಿಗೆ? ಮೊದಲು ಕೇಳಿದವರಿಗೋ, ಹೆಚ್ಚು ಕೊಳ್ಳುವವರಿಗೋ, ಹೆಚ್ಚು ಅಗತ್ಯವಿರುವವರಿಗೋ? ನಿಯಮ ಬರೆದಿಡದ ಕಡೆ ಹೆಚ್ಚು ಬಾರಿ ದೂರವಾಣಿ ಮಾಡಿ ಗದರಿಸಿದವನಿಗೆ ಮಾಲು ಹೋಗುತ್ತದೆ. ತಾಳ್ಮೆಯಿಂದ ಕಾದವನು ಕಾಯುತ್ತಲೇ ಇರುತ್ತಾನೆ.

ಗ್ರಾಹಕನಿಗೆ ಹೇಳಬೇಕಾದದ್ದು

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಮರೆತುಹೋಗುವ ವ್ಯಕ್ತಿ ಗ್ರಾಹಕ. ಅಮೆರಿಕದಲ್ಲಿ ಅಂಚೆ ಮೂಲಕ ಮಾಲು ಮಾರುವವರಿಗಾಗಿ 1975ರಲ್ಲೇ ಒಂದು ನಿಯಮವನ್ನು ಹೊರಡಿಸಲಾಯಿತು. ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಮಾಲು ಕಳುಹಿಸಲಾಗದಿದ್ದರೆ ಮಾರಾಟಗಾರ ತಾನಾಗಿಯೇ ಅದನ್ನು ತಿಳಿಸಿ, ಕಾಯುವ ಅಥವಾ ಹಣ ಹಿಂಪಡೆಯುವ ಆಯ್ಕೆಯನ್ನು ಕೊಡಬೇಕೆಂಬುದು ಅದರ ಸಾರ. ಮುಂದೆ ದೂರವಾಣಿ ಹಾಗೂ ಅಂತರ್ಜಾಲದ ವ್ಯಾಪಾರಕ್ಕೂ ಅದು ವಿಸ್ತರಿಸಿತು. ಭಾರತದಲ್ಲಿ 2020ರ ಗ್ರಾಹಕ ರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಖರೀದಿಗೆ ಗ್ರಾಹಕನ ಒಪ್ಪಿಗೆ ಸ್ಪಷ್ಟವಾಗಿರಬೇಕು; ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ಅದನ್ನು ದಾಖಲಿಸಿಕೊಳ್ಳುವಂತಿಲ್ಲ. ಬದಲಿ ವಸ್ತುವನ್ನು ಕಳುಹಿಸುವ ಮುನ್ನ ಕೇಳಬೇಕೆಂಬ ಮರ್ಯಾದೆಯೂ ಇದೇ ತಳಹದಿಯ ಮೇಲೆ ನಿಂತಿದೆ.

ಉತ್ತಮ ವ್ಯವಸ್ಥೆ ಗ್ರಾಹಕನಿಗೆ ಮೂರು ಸಂಗತಿಗಳನ್ನು ತಿಳಿಸುತ್ತದೆ: ಎಷ್ಟು ಮಾಲು ಈಗ ಹೊರಟಿದೆ, ಉಳಿದದ್ದು ಯಾವ ದಿನ ಬರುತ್ತದೆ, ಬೇಡವಾದರೆ ಏನು ಮಾಡಬೇಕು. ಮೂಲ ಬದಲಾದಾಗ ಆ ದಿನಾಂಕವೂ ಬದಲಾಗಬೇಕು. ‘ಶೀಘ್ರದಲ್ಲೇ ಕಳುಹಿಸಲಾಗುವುದು’ ಎಂಬ ಸಂದೇಶ ದಿನಾಂಕವಲ್ಲ. ಆರು ದಿನ ಎಂದು ಹೇಳಿ ಐದನೆಯ ದಿನ ತಲುಪಿಸಿದವನನ್ನು ಗ್ರಾಹಕ ನೆನಪಿಡುತ್ತಾನೆ; ಎರಡು ದಿನ ಎಂದು ಹೇಳಿ ಐದನೆಯ ದಿನ ತಲುಪಿಸಿದವನನ್ನೂ ನೆನಪಿಡುತ್ತಾನೆ, ಬೇರೆ ಕಾರಣಕ್ಕೆ.

ಮೆಹಬೂಬ್‌ನಗರದ ಓದುಗನಿಗೆ ಪುಸ್ತಕ ತಲುಪಿದ್ದು ಯಾವ ತಂತ್ರಾಂಶದ ಬಲದಿಂದಲೂ ಅಲ್ಲ. ಒಪ್ಪಿಕೊಂಡದ್ದನ್ನು ಪೂರೈಸಲೇಬೇಕೆಂದು ಇಬ್ಬರು ನಿಶ್ಚಯಿಸಿದ್ದರಿಂದ. ಇಂದಿನ ತಂತ್ರಾಂಶಗಳು ಆ ಹುಡುಕಾಟವನ್ನು ಕ್ಷಣಾರ್ಧದಲ್ಲಿ ಮುಗಿಸಬಲ್ಲವು. ಎಲ್ಲಿ ಹುಡುಕಬೇಕು, ಎಷ್ಟರವರೆಗೆ ನಷ್ಟ ತಾಳಬೇಕು, ಯಾರಿಗೆ ಏನು ಹೇಳಬೇಕು ಎಂಬ ನಿಶ್ಚಯವನ್ನು ಮಾತ್ರ ಇಂದಿಗೂ ವ್ಯಾಪಾರಿಯೇ ಮಾಡಬೇಕು. ಅದನ್ನು ಮಾಲು ಇರುವ ದಿನವೇ ಮಾಡಿಟ್ಟುಕೊಳ್ಳುವುದು ಲೇಸು.