ಎರಿ ನೆಲದ ಮೇಲೆ ಹಳಿ: ಮೊದಲು ಆಯ್ಕೆಯಾಗಬೇಕಾದದ್ದು ಹಾಸು

ಗದಗದಿಂದ ಬಾಗಲಕೋಟೆಯತ್ತ ಹೊರಟ ರೈಲು ರೋಣ ತಾಲ್ಲೂಕಿನ ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳನ್ನು ದಾಟಿ ಮಲಪ್ರಭೆಯ ಸೇತುವೆ ಏರುವವರೆಗೂ ದಾರಿಯುದ್ದಕ್ಕೂ ಕಪ್ಪು ಹೊಲಗಳು ಕಾಣುತ್ತವೆ. ಕಿಟಕಿಯಲ್ಲಿ ಕೂತವರ ಕಣ್ಣಿಗೆ ಹಳಿ, ಅದರಡಿಯ ಸ್ಲೀಪರ್, ಅದರ ಸುತ್ತ ಸುರಿದ ಕಡಿ ಬೀಳುತ್ತವೆ. ಕಡಿಯ ಕೆಳಗಿರುವ, ಅರ್ಧ ಮೀಟರಿನಿಂದ ಒಂದು ಮೀಟರ್ ದಪ್ಪದ ಇನ್ನೊಂದು ಹಾಸು ಯಾರಿಗೂ ಕಾಣುವುದಿಲ್ಲ. ಈ ಸೀಮೆಯಲ್ಲಿ ಹಳಿಯ ಆಯುಷ್ಯವನ್ನು ನಿರ್ಧರಿಸುವುದು ಆ ಕಾಣದ ಹಾಸು. ಉಕ್ಕಿನ ತೂಕ ಎಷ್ಟು, ಸ್ಲೀಪರ್ ಕಟ್ಟಿಗೆಯದೋ ಕಾಂಕ್ರೀಟಿನದೋ ಎಂಬ ಪ್ರಶ್ನೆಗಳು ಆಮೇಲಿನವು. ಹಾಸಿಗೆ ಯಾವ ವಸ್ತು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಆ ತೀರ್ಮಾನದಲ್ಲಿ ವಸ್ತುವಿನ ಗಟ್ಟಿತನಕ್ಕಿಂತ ನೀರಿನ ಜೊತೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ದೊಡ್ಡದು.

ರೋಣ, ನರಗುಂದದ ರೈತರಿಗೆ ಈ ಕಪ್ಪು ಎರಿ ಭೂಮಿಯ ಗುಣ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಾಯಿ ಬಿಡುವ ಈ ನೆಲ ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಗಾಲಿಗೂ ಕಾಲಿಗೂ ಅಂಟಿ ನಡೆಯಗೊಡುವುದಿಲ್ಲ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಮಳೆಯಿಲ್ಲದ ತಿಂಗಳುಗಳಲ್ಲೂ ಬೆಳೆದು ನಿಲ್ಲುವುದು ಈ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ. ಬೆಳೆಗೆ ವರವಾದ ಈ ಗುಣವೇ ಕಟ್ಟಡಕ್ಕೂ ಹಳಿಗೂ ಕಂಟಕ. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಕಣಗಳು ತೆಳು ಪದರಗಳ ಅಟ್ಟಿಗಳು. ನೀರು ಆ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಒಣಗಿದಾಗ ಅವು ಮತ್ತೆ ಹತ್ತಿರ ಬರುತ್ತವೆ. ಹೀಗೆ ನೆಲ ವರ್ಷಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮನೆ ಉಬ್ಬಿದ್ದರೆ ಅಷ್ಟು ತೊಂದರೆಯಿರಲಿಲ್ಲ. ಆದರೆ ಹಳಿ ಹೊತ್ತ ಮಣ್ಣಿನ ಏರಿಯ ಅಂಚು ಬೇಗ ನೆನೆದು ಬೇಗ ಒಣಗುತ್ತದೆ, ನಡುಭಾಗ ತಡವಾಗಿ. ಮೋರಿಯ ಬಳಿ ತೇವ ಹೆಚ್ಚು, ಎತ್ತರದಲ್ಲಿ ಕಡಿಮೆ. ಈ ಏರುಪೇರಿನಿಂದ ಎರಡು ಹಳಿಗಳ ಮಟ್ಟ ತಪ್ಪುತ್ತದೆ, ರೈಲು ಓಲಾಡುತ್ತದೆ, ಕೊನೆಗೆ ಆ ಭಾಗದಲ್ಲಿ ವೇಗಮಿತಿ ಹೇರಬೇಕಾಗುತ್ತದೆ. ಪಕ್ಕದ ಗಜೇಂದ್ರಗಡದ ಗುಡ್ಡಗಳ ಬುಡದ ಕೆಂಪು ಮಸಾರಿ ನೆಲಕ್ಕೆ ಈ ಕಾಟವಿಲ್ಲ. ಒಂದೇ ಜಿಲ್ಲೆಯೊಳಗೆ, ಕೆಲವು ಹರದಾರಿಗಳ ಅಂತರದಲ್ಲಿ, ಹಳಿಯ ಬುಡದ ಲೆಕ್ಕಾಚಾರ ಪೂರ್ತಿ ಬದಲಾಗುತ್ತದೆ.

ಈಗ ಪದರಗಳನ್ನು ಮೇಲಿನಿಂದ ನೋಡೋಣ. ಗಾಲಿಯ ಭಾರ ಹಳಿಯಿಂದ ಸ್ಲೀಪರಿಗೆ, ಅಲ್ಲಿಂದ ಕಡಿಗೆ ಇಳಿಯುತ್ತದೆ. ಭಾರತೀಯ ರೈಲ್ವೆ ಬಳಸುವ ಕಡಿ 65 ಮಿ.ಮೀ.ನಿಂದ 20 ಮಿ.ಮೀ.ವರೆಗಿನ, ಚೂಪು ಅಂಚುಗಳ ಒಡೆದ ಕಲ್ಲು. ಸ್ಲೀಪರಿನ ಅಡಿಯಲ್ಲಿ ಅದರ ದಪ್ಪ ಸುಮಾರು 300ರಿಂದ 350 ಮಿ.ಮೀ. ಭಾರ ಹಂಚುವುದು, ನೀರು ಸೋಸಿ ಹೋಗಲು ಬಿಡುವುದು, ಹಳಿ ಅತ್ತಿತ್ತ ಸರಿಯದಂತೆ ಹಿಡಿಯುವುದು ಅದರ ಕೆಲಸ. ಕಡಿಯ ಕೆಳಗೆ ದಪ್ಪ ಕಣದಿಂದ ಸಣ್ಣ ಕಣದವರೆಗೆ ಎಲ್ಲ ಗಾತ್ರವೂ ಹದವಾಗಿ ಬೆರೆತ, ಜೇಡಿ ಅಂಶ ಕಡಿಮೆಯಿರುವ ಹಾಸು ಬರುತ್ತದೆ. ರೈಲ್ವೆಯವರು ಇದನ್ನು ಬ್ಲಾಂಕೆಟ್ ಎನ್ನುತ್ತಾರೆ. ಅದರ ಮೇಲ್ಮೈಯನ್ನು 30ಕ್ಕೆ 1ರ ಇಳಿಜಾರಿನಲ್ಲಿ ಹದಗೊಳಿಸುತ್ತಾರೆ, ಬಿದ್ದ ಮಳೆ ಕೆಳಕ್ಕೆ ಇಂಗದೆ ಪಕ್ಕಕ್ಕೆ ಹರಿಯಲೆಂದು. ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬುಡದ ಮಣ್ಣು ಕೆಟ್ಟದಾದಷ್ಟೂ ಈ ಹಾಸು ದಪ್ಪವಾಗುತ್ತ ಒಂದು ಮೀಟರಿನವರೆಗೆ ಹೋಗುತ್ತಿತ್ತು. ಏರಿಯ ಮೇಲ್ಭಾಗದ 3 ಮೀಟರಿನಲ್ಲಿ ಹೆಚ್ಚು ಜಿಗುಟಿನ ಜೇಡಿ ಮಣ್ಣು ಸೇರಬಾರದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಅಂದರೆ ಕೈಯಳತೆಯಲ್ಲೇ ಬೇಕಾದಷ್ಟು ಸಿಗುವ ಎರಿ ಮಣ್ಣನ್ನು ಅಗೆದು ಏರಿ ಹಾಕುವ ಸುಲಭದ ದಾರಿ ಇಲ್ಲಿ ಮುಚ್ಚಿದೆ.

ಇಷ್ಟೆಲ್ಲ ಯಾಕೆ, ಕಡಿಯನ್ನೇ ಇನ್ನೊಂದು ಪದರ ಸುರಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಕಲ್ಲು ಗಟ್ಟಿ, ಮಣ್ಣು ಮೆತ್ತಗೆ ಎಂಬ ಲೆಕ್ಕದಲ್ಲಿ ಇದು ಸರಿಯೆನಿಸುತ್ತದೆ. ಆದರೆ ನೆನೆದ ಎರಿ ಮಣ್ಣಿನ ಮೇಲೆ ನೇರವಾಗಿ ಬಿದ್ದ ಕಡಿ ಪ್ರತಿ ಗಾಲಿಯ ಒತ್ತಿಗೂ ಒಂದಿಷ್ಟು ಕೆಳಗಿಳಿಯುತ್ತದೆ, ಕಲ್ಲುಗಳ ಸಂದಿಯಿಂದ ಕೆಸರು ಮೇಲೇಳುತ್ತದೆ. ಸ್ಲೀಪರಿನ ಕೆಳಗೆ ಬಟ್ಟಲಿನಾಕಾರದ ತಗ್ಗು ಬಿದ್ದು ಅದರಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಮಣ್ಣನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ, ಕಡಿ ಇನ್ನಷ್ಟು ಇಳಿಯುತ್ತದೆ. ಮೇಲಿಂದ ಎಷ್ಟು ಕಡಿ ತುಂಬಿದರೂ ತಗ್ಗು ದೊಡ್ಡದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಕೆಸರು ತುಂಬಿದ ಕಡಿಗೆ ನೀರು ಸೋಸುವ ಶಕ್ತಿಯೂ ಉಳಿಯುವುದಿಲ್ಲ. ಮಣ್ಣು ಮೇಲಕ್ಕೆ ಬರದಂತೆ, ಕಲ್ಲು ಕೆಳಕ್ಕೆ ಹೋಗದಂತೆ ನಡುವೆ ಒಂದು ತಡೆ ಬೇಕೇ ಬೇಕು.

ಹಾಗಾದರೆ ಉಬ್ಬದ ಯಾವುದೇ ವಸ್ತುವನ್ನು, ಉದಾಹರಣೆಗೆ ಮರಳನ್ನು, ನಡುವೆ ಹಾಕಬಹುದೇ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರಲ್ಲಿ ಮುಖ್ಯರು ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ. ಎರಿ ಮಣ್ಣಿನ ಮೇಲೆ ಹಾಸಿದ ಮರಳು ಉಬ್ಬುವಿಕೆಯನ್ನು ತಡೆಯದು, ತನ್ನ ಸಂದಿಗಳಲ್ಲಿ ನೀರು ಹಿಡಿದು ಕೆಳಗಿನ ಮಣ್ಣಿಗೇ ಉಣಿಸುತ್ತದೆ. ಅದೇ ಜಾಗದಲ್ಲಿ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಆದರೆ ನೀರಿಗೆ ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ದಮ್ಮಸು ಮಾಡಿ ಹಾಸಿದರೆ ಕೆಳಗಿನ ಉಬ್ಬು ಗಣನೀಯವಾಗಿ ತಗ್ಗುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು. ನಮ್ಮ ಸೀಮೆಗೆ ಇದು ಹೊರಗಿನ ಸುದ್ದಿಯಲ್ಲ. ಈ ವಿಧಾನ ಬಳಕೆಗೆ ಬಂದ ಕಾಮಗಾರಿಗಳಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭಾ ಯೋಜನೆಯ ಕಾಲುವೆಗಳೂ ಸೇರಿವೆ. ಮುಂದೆ ಕಾಲುವೆಗಳ ಭಾರತೀಯ ಮಾನಕದಲ್ಲೂ ಇದು ನಿಯಮವಾಗಿ ಬಂತು. ನೂರಕ್ಕೆ 15ರಿಂದ 20 ಪಾಲು ಜೇಡಿ, ಉಳಿದದ್ದು ಹುಡಿಮಣ್ಣು, ಮರಳು, ಸ್ವಲ್ಪ ಹರಳು ಇರುವ ಮಣ್ಣು ಇದಕ್ಕೆ ತಕ್ಕುದೆಂದು ಆ ಮಾನಕ ಹೇಳುತ್ತದೆ. ನಮ್ಮಲ್ಲಿ ಗರಸು ಎಂದು ಕರೆಯುವ ಕೆಂಪು ಹರಳುಮಣ್ಣಿನಲ್ಲಿ ಒಳ್ಳೆಯದು ಈ ಹದಕ್ಕೆ ಹತ್ತಿರ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಾಲುವೆಗೆ ಬೇಕಾದದ್ದು ಹಿಡಿತವುಳ್ಳ ಮಣ್ಣು, ಹಳಿಯ ಕಡಿಯ ಕೆಳಗೆ ಬೇಕಾದದ್ದು ಹೆಚ್ಚು ಹರಳಿನ, ನೀರು ಬಿಟ್ಟುಕೊಡುವ ವಸ್ತು. ಎರಡೂ ಒಂದೇ ಎಂದುಕೊಂಡು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಕೆಲಸ ಕೆಡುತ್ತದೆ. ಎರಿ ನೆಲದಲ್ಲಿ ಉಬ್ಬು ತಡೆಯುವ ಮಣ್ಣು ಕೆಳಗೆ, ನೀರು ಹರಿಸುವ ಹರಳು ಹಾಸು ಮೇಲೆ ಬರುವುದೇ ನನ್ನ ಅಭಿಪ್ರಾಯದಲ್ಲಿ ಸರಿಯಾದ ಕ್ರಮ.

ಬ್ರಿಟಿಷರ ಕಾಲದ ಹಳಿ ಇಂಥ ಯಾವ ಹಾಸೂ ಇಲ್ಲದೆ ನೂರು ವರ್ಷ ನಡೆಯಲಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಗದಗ–ಹೋಟಗಿ ದಾರಿಯನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿತು. 1876–78ರ ಭೀಕರ ಬರದ ನಂತರ ಕಾಳುಕಡಿ ಸಾಗಿಸುವ ದಾರಿಯಾಗಿ ಈ ಜಾಲ ರೂಪುಗೊಂಡಿತು. ನಿಜ, ಅದು ನಡೆಯಿತು. ಆದರೆ ಅದು ಒಂದು ಮೀಟರ್ ಅಗಲದ ಹಳಿ, ಒಂದು ಅಚ್ಚಿನ ಮೇಲಿನ ಭಾರ ಹತ್ತು–ಹನ್ನೆರಡು ಟನ್, ವೇಗವೂ ಕಡಿಮೆ. ಗ್ಯಾಂಗಿನ ಆಳುಗಳು ಮಳೆಗಾಲವೆಲ್ಲ ಹಳಿಯ ಕೆಳಗೆ ಕಡಿ ಬಡಿಯುತ್ತಲೇ ಇರುತ್ತಿದ್ದರು. ಹಾಸಿನ ಕೊರತೆಯನ್ನು ಅವರ ರಟ್ಟೆ ತುಂಬಿತ್ತು. ಇಂದು ಅದೇ ದಾರಿ 1676 ಮಿ.ಮೀ. ಅಗಲದ ಬ್ರಾಡ್‌ಗೇಜ್. ಹೋಟಗಿ–ಕೂಡಗಿ–ಗದಗ ನಡುವಿನ 284 ಕಿ.ಮೀ. ಜೋಡಿ ಹಳಿ ಯೋಜನೆ ಕೈಗೊಂಡದ್ದರ ಹಿಂದೆ ಕೂಡಗಿಯ 2400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಸಾಗಾಟವಿದೆ. ತುಂಬಿದ ಗೂಡ್ಸ್ ವ್ಯಾಗನ್ನಿನ ಒಂದು ಅಚ್ಚಿನ ಭಾರ 22.9 ಟನ್‌ವರೆಗೆ ಹೋಗುತ್ತದೆ. ಹಿಂದಿನದರ ಸುಮಾರು ಎರಡರಷ್ಟು ಭಾರಕ್ಕೆ ಹಿಂದಿನ ಬುಡ ಸಾಕೆನ್ನುವುದು ತರ್ಕಕ್ಕೆ ನಿಲ್ಲದ ಮಾತು.

ನನಗೆ ಹೆಚ್ಚು ತೂಕದ್ದೆನಿಸುವ ಆಕ್ಷೇಪ ಬೇರೆಯದು. ಇಷ್ಟು ಗರಸು ಎಲ್ಲಿಂದ ತರುವುದು? ಒಂದು ಮೀಟರ್ ದಪ್ಪದ, ಏಳು–ಎಂಟು ಮೀಟರ್ ಅಗಲದ ಹಾಸು ಎಂದರೆ ಪ್ರತಿ ಕಿಲೋಮೀಟರಿಗೆ ಏಳೆಂಟು ಸಾವಿರ ಘನಮೀಟರ್. ಗಜೇಂದ್ರಗಡದ ಗುಡ್ಡಗಳನ್ನು ಕೆರೆದು ರೋಣದ ಹೊಲಗಳಲ್ಲಿ ಏರಿ ಕಟ್ಟುವುದು ಒಂದು ಊರಿನ ಗಾಯದಿಂದ ಇನ್ನೊಂದು ಊರಿಗೆ ಔಷಧಿ ತಂದಂತೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದ ಜಿಲ್ಲೆಯಿದು. ಇಲ್ಲಿ ಗುಡ್ಡದ ಮಣ್ಣನ್ನು ಬಿಟ್ಟಿ ಸರಕೆಂದು ಲೆಕ್ಕ ಹಾಕಲಾಗದು. ಆದರೆ ಇದಕ್ಕೆ ಪರಿಹಾರಗಳಿವೆ. ಏರುಭಾಗಗಳಲ್ಲಿ ಹಳಿಗಾಗಿ ಕಡಿದ ಕಣಿವೆಗಳ ಗರಸನ್ನು ಪರೀಕ್ಷಿಸಿ ಅದನ್ನೇ ತಗ್ಗಿಗೆ ಬಳಸಬಹುದು. ಮಣ್ಣು ಮತ್ತು ಹರಳುಗಳ ನಡುವೆ ಜಿಯೋಟೆಕ್ಸ್‌ಟೈಲ್ ಎಂಬ ಕೃತಕ ನಾರಿನ ಬಟ್ಟೆ ಹಾಸಿದರೆ ಎರಡೂ ಬೆರೆಯುವುದು ತಪ್ಪುತ್ತದೆ. ಎರಿ ಮಣ್ಣಿಗೇ ಸುಣ್ಣ ಬೆರೆಸಿ ಅದರ ಉಬ್ಬುಗುಣ ಮುರಿಯುವ ಉಪಾಯವೂ ಹಳೆಯದು, ಪರಿಣಾಮಕಾರಿಯಾದುದು. ಹಳ್ಳಿಯ ರಸ್ತೆಗಳಿಗೆ ನಾನು ಇದನ್ನೇ ಮೊದಲು ಸೂಚಿಸುವೆ. ಹಳಿಗೆ ಹಿಂಜರಿಯುವುದು ಒಂದೇ ಕಾರಣಕ್ಕೆ: ಎರಿ ಹೆಂಟೆ ಒಣಗಿದರೆ ಕಲ್ಲು, ನೆನೆದರೆ ಅಂಟು, ಸುಣ್ಣ ಎಲ್ಲೆಡೆ ಸಮನಾಗಿ ಬೆರೆಯಲು ಪುಡಿ ಸಿಗುವ ದಿನಗಳು ವರ್ಷದಲ್ಲಿ ಕಡಿಮೆ. ಅರೆಬರೆ ಬೆರೆತ ಕಡೆ ಹಳಿ ಏರುಪೇರಾಗುತ್ತದೆ, ಹಳಿ ಸಹಿಸದಿರುವುದೂ ಅದನ್ನೇ.

ಮನೆಯಲ್ಲಿ, ಶಾಲೆಯಲ್ಲಿ ಮಾದರಿ ರೈಲು ಕಟ್ಟುವವರಿಗೂ ಇದರಿಂದ ಕಲಿಯಲು ಸಾಕಷ್ಟಿದೆ. ಜಗತ್ತಿನಲ್ಲಿ ಹೆಚ್ಚು ಜನಪ್ರಿಯವಾದ ಎಚ್‌ಒ ಅಳತೆಯಲ್ಲಿ ನಿಜದ 87 ಮಿ.ಮೀ. ಮಾದರಿಯ 1 ಮಿ.ಮೀ. ಆಗುತ್ತದೆ. ಅಲ್ಲಿ ಹಳಿಯಡಿಗೆ ಸಾಮಾನ್ಯವಾಗಿ ಸುಮಾರು 5 ಮಿ.ಮೀ. ದಪ್ಪದ, ಅಂಚು ಓರೆಯಾಗಿ ಕತ್ತರಿಸಿದ ಕಾರ್ಕ್ ಪಟ್ಟಿ ಹಾಕುತ್ತಾರೆ. ಅದು ಸದ್ದು ತಗ್ಗಿಸುತ್ತದೆ, ಕಡಿಯ ದಿಬ್ಬದ ಆಕಾರವನ್ನೂ ಕೊಡುತ್ತದೆ. ಮೆತ್ತನೆಯ ಫೋಮ್ ಹಾಳೆ ಅಗ್ಗ, ಸದ್ದೂ ಕಡಿಮೆ, ಆದರೆ ಒತ್ತಿದಲ್ಲಿ ತಗ್ಗುವುದರಿಂದ ಹಳಿಯ ಜೋಡಣೆಗಳು ಸಡಿಲವಾಗುತ್ತವೆ. ಶಾಲಾ ಪ್ರದರ್ಶನಗಳ ಥರ್ಮೊಕೋಲ್ ಒಂದೆರಡು ದಿನಕ್ಕಷ್ಟೇ ಸರಿ. ನೀರೂ ಭಾರವೂ ಇಲ್ಲದ ಮೇಜಿನ ಮೇಲೆ ಎರಿ ಮಣ್ಣಿನ ಪಾಠವೇಕೆ ಎನ್ನಬಹುದು. ಮೇಜಿನ ಮೇಲೂ ತೇವವಿದೆ: ಎಂಡಿಎಫ್ ಹಲಗೆ ಮಳೆಗಾಲದ ಗಾಳಿಗೇ ಉಬ್ಬುತ್ತದೆ, ಕಡಿ ಅಂಟಿಸಲು ಸುರಿದ ನೀರುಗೋಂದಿಗೆ ಇನ್ನಷ್ಟು. ಒಳ್ಳೆಯ ಪ್ಲೈವುಡ್ಡಿನ ಮೇಲೆ ಕಾರ್ಕ್ ಹಾಕುವುದು ನನ್ನ ಸಲಹೆ. ಕಡಿಗಾಗಿ ಕ್ರಷರಿನ ಕಲ್ಲುಪುಡಿಯನ್ನು ಜರಡಿ ಹಿಡಿದರೆ ಸಾಕು, 65 ಮಿ.ಮೀ. ಕಲ್ಲು ಈ ಅಳತೆಯಲ್ಲಿ ಮುಕ್ಕಾಲು ಮಿ.ಮೀ. ಮಾತ್ರ. ಹೊಳೆಆಲೂರಿನ ದಾರಿಯನ್ನು ಮಾಡುವವರು ಕಾರ್ಕಿನ ಕೆಳಗೆ ಹನ್ನೊಂದು ಮಿ.ಮೀ. ದಪ್ಪದ ಕೆಂಪು ಪದರವೊಂದನ್ನು ಏರಿಯ ಅಂಚಿನಲ್ಲಿ ಕಾಣುವಂತೆ ಬಿಡಬೇಕು. ಅದು ನಿಜದ ಒಂದು ಮೀಟರ್ ಗರಸು. ಕಪ್ಪು ಹೊಲದ ಮೇಲೆ ನೇರವಾಗಿ ಬೂದು ಕಡಿ ಸುರಿದ ಮಾದರಿ ನೋಡಲು ಚೆಂದವಿದ್ದರೂ ಈ ಸೀಮೆಯ ಹಳಿಯಾಗುವುದಿಲ್ಲ.

ಬುಡದ ಮಣ್ಣನ್ನು ಅಳೆಯುವುದು ಪ್ರೌಢಶಾಲೆಯ ಪ್ರಯೋಗಾಲಯದಲ್ಲೂ ಸಾಧ್ಯ. ಒಣಗಿಸಿ ನಯವಾಗಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿ.ಲೀ.ನ ಎರಡು ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ತಾಸು ಬಿಡಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಕೊಳವೆಯಲ್ಲಿ ಅದು ಎಣ್ಣೆಯದಕ್ಕಿಂತ ಒಂದೂವರೆ ಪಟ್ಟಿಗೂ ಮೇಲೇರಿದರೆ ಆ ನೆಲ ಬಹಳ ಎಚ್ಚರ ಬೇಡುವಂಥದ್ದು. ನೆಲದಡಿಯನ್ನು ಲೆಕ್ಕಿಸದಿದ್ದರೆ ಏನಾಗುತ್ತದೆಂದು ನರಗುಂದ ಪಟ್ಟಣ ಈಗಾಗಲೇ ಕಂಡಿದೆ: ಕಾಳು ತುಂಬಿಡುತ್ತಿದ್ದ ಹಳೆಯ ಹಗೇವುಗಳು, ಮೇಲೇರಿದ ಅಂತರ್ಜಲ ಸೇರಿ ಮನೆಗಳ ಒಳಗೇ ನೆಲ ಕುಸಿದಿದೆ. ನೆರೆಯ ಕುಷ್ಟಗಿಗೆ ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಬಂತು. ನರಗುಂದಕ್ಕೂ ಗಜೇಂದ್ರಗಡಕ್ಕೂ ಇನ್ನೂ ಬಂದಿಲ್ಲ, ಬೇಡಿಕೆ ಮಾತ್ರ ಹಳೆಯದು. ಆ ಬೇಡಿಕೆಯ ಮನವಿಪತ್ರದಲ್ಲಿ ನಿಲ್ದಾಣ ಎಲ್ಲಿರಬೇಕು ಎಂಬುದರ ಜೊತೆಗೆ ಇನ್ನೆರಡು ಸಾಲು ಸೇರಿಸಿ: ದಾರಿಯುದ್ದದ ಮಣ್ಣುಪರೀಕ್ಷೆಯ ವರದಿ ಜನರ ಮುಂದಿಡಬೇಕು, ಹಾಸಿನ ಗರಸು ಎಲ್ಲಿಂದ ಬರುತ್ತದೆಂದು ಕೆಲಸಕ್ಕೆ ಮೊದಲೇ ತಿಳಿಸಬೇಕು.