ಅರ್ಧಕ್ಕೆ ನಿಂತ ಸ್ಟೂಲು ಮುಗಿಸುವ ಬಗೆ

ನಿವೃತ್ತಿಯ ನಂತರ ಹಿತ್ತಿಲ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಮರಗೆಲಸಕ್ಕೆ ಕೈಹಾಕುವವರು ಬಹಳ. ಹಲವರ ಬಳಿ ಮುಗಿದ ವಸ್ತುಗಳಿಗಿಂತ ಅರ್ಧಕ್ಕೆ ನಿಂತವೇ ಹೆಚ್ಚು. ಇದಕ್ಕೆ ಸೋಮಾರಿತನವನ್ನೋ ವಯಸ್ಸನ್ನೋ ದೂರಬೇಕಿಲ್ಲ. ನೌಕರಿಯಲ್ಲಿದ್ದಾಗ ಯಾವ ಕೆಲಸ ಮೊದಲು, ಯಾವುದು ಎಂದಿಗೆ ಮುಗಿಯಬೇಕು ಎಂಬುದನ್ನು ಬೇರೆಯವರು ಗೊತ್ತುಮಾಡುತ್ತಿದ್ದರು. ಈಗ ಆ ಕ್ರಮವನ್ನು ನಾವೇ ಕಟ್ಟಿಕೊಳ್ಳಬೇಕು.

ಜಾರುವುದು ಎಲ್ಲಿ?

ಸ್ಟೂಲಿನ ಕಾಲು ಕೂರಿಸಲು ಚೌಕ ತೂತು ಕೊರೆಯಬೇಕು. ಉಳಿ ಮೊಂಡಾಗಿದೆ. ಮಸೆಯಲು ಹೋದರೆ ಸಾಣೆಕಲ್ಲಿನ ನಡು ಸವೆದಿದೆ. ಅದನ್ನು ಮಟ್ಟ ಮಾಡಲು ಮರಳುಕಾಗದ ಬೇಕು, ಕಾಗದವಿರುವ ಡ್ರಾಯರ್ ಬಿಗಿದುಕೊಂಡಿದೆ. ಮಧ್ಯಾಹ್ನದ ಹೊತ್ತಿಗೆ ಡ್ರಾಯರ್ ಸರಿಯಾಗಿರುತ್ತದೆ, ಸ್ಟೂಲು ಮಾತ್ರ ಇದ್ದಂತೆಯೇ ಇರುತ್ತದೆ. ಪ್ರತಿ ಹೆಜ್ಜೆಯೂ ಅಗತ್ಯವೆಂದೇ ತೋರುವುದರಿಂದ ದಾರಿ ತಪ್ಪಿದ್ದು ತಿಳಿಯುವುದಿಲ್ಲ.

ಇಲ್ಲಿ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದನ್ನು ಬಿಟ್ಟರೆ ಇವತ್ತಿನ ತೂತು ಕೊರೆಯಲು ಆಗುವುದೇ ಇಲ್ಲವೇ? ಉಳಿ ಮಸೆಯುವುದನ್ನು ಬಿಡುವಂತಿಲ್ಲ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗಿ, ಅದು ಜಾರಿ ಕೈ ಕೊಯ್ಯುತ್ತದೆ. ಅಲಗಿನ ತುದಿಯನ್ನು ಸುಮಾರು 30 ಡಿಗ್ರಿ ಕೋನದಲ್ಲಿ ಮಸೆದು ತೂತಿಗೆ ಮರಳಿ. ಡ್ರಾಯರ್ ರಿಪೇರಿ ಎಂದು, ಯಾವ ದಿನ ಎಂದು ಗೋಡೆಯ ಹಲಗೆಯಲ್ಲಿ ಬರೆದಿಡಿ. ಮುಗಿಯದ ಕೆಲಸ ತಲೆಯಲ್ಲಿ ಸುಳಿದು ಕೈಯಲ್ಲಿರುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಅದಕ್ಕೊಂದು ಸ್ಪಷ್ಟ ಯೋಜನೆ ಹಾಕಿಕೊಂಡರೆ ಅಡ್ಡಿ ನಿಲ್ಲುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮ್ಯಾಸಿಕ್ಯಾಂಪೊ ಮತ್ತು ರಾಯ್ ಬೌಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ.

ಎದ್ದು ಹೋಗುವ ಮುನ್ನ

ಮುಂದಿನ ಹೆಜ್ಜೆಯನ್ನು ಮರದ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ: ‘ಎಡ ಹಿಂಗಾಲು, ಆಳ 20 ಮಿ.ಮೀ.’ ನಾಳೆ ಬಂದವರಿಗೆ ಯೋಚನೆಯಿಲ್ಲದೆ ಕೆಲಸ ಸಿಗುತ್ತದೆ. ಒಂದೊಂದು ಕೆಲಸದ ಸ್ಕ್ರೂ, ನಕ್ಷೆ, ತುಂಡುಗಳಿಗೆ ಒಂದೊಂದು ಟ್ರೇ ಇರಲಿ. ಮೇಜಿನ ಮೇಲೆ ಒಂದೇ ಟ್ರೇ. ಎಪಾಕ್ಸಿ ಅಂಟು ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ಆ ಬಿಡುವಿಗೆಂದು ಎರಡನೆಯ ಕೆಲಸ ಸಾಕು, ಮೂರನೆಯದು ಬೇಡ.

ಯಂತ್ರದ ಗರಗಸ ತಿರುಗುತ್ತಿರುವಾಗ ಮೊಬೈಲು ಶೆಡ್ಡಿನ ಹೊರಗಿರಲಿ. ಯಾರಾದರೂ ಕೂಗಿದರೆ ಮೊದಲು ಸ್ವಿಚ್ ಆರಿಸಿ, ಅಲಗು ಪೂರ್ತಿ ನಿಂತ ಮೇಲೆ ತಿರುಗಿ ನೋಡಿ. ಈ ಒಂದು ನಿಯಮಕ್ಕೆ ರಿಯಾಯಿತಿ ಬೇಡವೇ ಬೇಡ.

ಮರ ಕಾಯುವುದಿಲ್ಲ

ಮರ ಗಾಳಿಯ ತೇವ ಹೀರಿ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಸಲೀಸಾಗಿ ಕೂತ ಜೋಡಣೆ ಜುಲೈ ಮಳೆಯಲ್ಲಿ, ಅದರಲ್ಲೂ ಕರಾವಳಿ–ಮಲೆನಾಡಿನಲ್ಲಿ, ಒಳಗೆ ಹೋಗದಿರಬಹುದು. ಆದ್ದರಿಂದ ತೂತು ಕೊರೆದು ಕಾಲು ಹೊಂದಿಸಿದ ಮೇಲೆ ತಡಮಾಡದೆ ಅಂಟಿಸಿಬಿಡಿ.

ಮುಗಿಸುವ ಆಸೆಯೇ ಆರಿಹೋದ ಕೆಲಸವಿದ್ದರೆ ಧೈರ್ಯವಾಗಿ ಬಿಚ್ಚಿ, ಹಲಗೆಗಳನ್ನು ಅಟ್ಟಣಿಗೆಗೆ ಸೇರಿಸಿ. ಹಾಗೆ ನಿರ್ಧರಿಸಿ ಕೈಬಿಡುವುದೂ ಒಂದು ಮುಕ್ತಾಯವೇ. ಉಳಿದ ಕೆಲಸಕ್ಕೆ ಜಾಗವೂ ಸಿಗುತ್ತದೆ, ಮನಸ್ಸೂ ಸಿಗುತ್ತದೆ.