ಚಿಕಿತ್ಸೆ ಬೇಡವೆನ್ನುವ ಮದ್ಯವ್ಯಸನಿ: ಮನೆಯವರು ಮಾಡಬಹುದಾದದ್ದು

ಮದ್ಯವ್ಯಸನಿ ಆಸ್ಪತ್ರೆಗೆ ಬರಲು ಒಪ್ಪದಿರುವುದಕ್ಕೆ ಹಟವೊಂದೇ ಕಾರಣವಲ್ಲ. ನಾಲ್ಕು ಜನ ಏನಂದಾರು ಎಂಬ ನಾಚಿಕೆ, ಕೆಲಸ ಹೋದೀತೆಂಬ ಭಯ, ಒಂದು ಪೆಗ್ ಬೀಳದಿದ್ದರೆ ಬೆಳಗ್ಗೆ ಶುರುವಾಗುವ ಕೈನಡುಕ. "ಬಿಡಬೇಕು ಅಂದ್ರೆ ನಾಳೆಯೇ ಬಿಡ್ತೀನಿ" ಎಂಬ ಮಾತಿನ ಹಿಂದೆ ಇವೆಲ್ಲ ಇರುತ್ತವೆ. ಬೈದರೂ, ದೇವರ ಮುಂದೆ ಆಣೆ ಮಾಡಿಸಿದರೂ ಆ ನಾಚಿಕೆ ಬೆಳೆಯುತ್ತದೆಯೇ ಹೊರತು ಕುಡಿತ ನಿಲ್ಲುವುದು ಅಪರೂಪ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಮೇಯರ್ಸ್ ಬೆಳೆಸಿದ ‘ಕ್ರಾಫ್ಟ್’ ವಿಧಾನ ರೋಗಿಯನ್ನು ಬಿಟ್ಟು ಮನೆಯವರಿಗೆ ತರಬೇತಿ ಕೊಡುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ತರಬೇತಿ ಪಡೆದವರ ಪೈಕಿ ಶೇ. 64ರಷ್ಟು ಮಂದಿ ತಮ್ಮವರನ್ನು ಚಿಕಿತ್ಸೆಗೆ ಒಪ್ಪಿಸಿದರು. ಬಂಧುಬಳಗವೆಲ್ಲ ಸೇರಿ ಎದುರು ಕೂರಿಸಿಕೊಂಡು ಒತ್ತಾಯಿಸುವ ವಿಧಾನದಲ್ಲಿ ಒಪ್ಪಿಸಲಾದದ್ದು ಶೇ. 30ರಷ್ಟು ಮಂದಿಗೆ ಮಾತ್ರ.

ಕುಡಿಯದ ಸಂಜೆ ಜೊತೆಗೆ ಕೂತು ಉಂಡು ನಕ್ಕು ಮಾತಾಡುವುದು, ಕುಡಿದು ಬಂದಾಗ ಜಗಳಕ್ಕಿಳಿಯದೆ ದೂರ ಸರಿಯುವುದು ‘ಕ್ರಾಫ್ಟ್’ ವಿಧಾನದ ತಿರುಳು. ಕುಡಿತದ ಪರಿಣಾಮಗಳನ್ನು ಮುಚ್ಚಿಹಾಕದಿರುವುದು ಇನ್ನೂ ಕಷ್ಟದ ಪಾಠ. ಆಫೀಸಿಗೆ ಫೋನ್ ಮಾಡಿ "ಅವರಿಗೆ ಜ್ವರ" ಎನ್ನುವ ಹೆಂಡತಿ, ಬಾರಿನ ಸಾಲ ತೀರಿಸುವ ಅಣ್ಣ ಇಬ್ಬರದೂ ಪ್ರೀತಿಯೇ. ಆದರೆ ಅದರಿಂದ ಕುಡಿತದ ನಷ್ಟ ಕುಡಿಯುವವನ ಕಣ್ಣಿಗೆ ಬೀಳುವುದೇ ಇಲ್ಲ. ಹೊಡೆತ ಬಡಿತವಿರುವ ಮನೆಯಲ್ಲಾದರೆ ಮೊದಲು ಹೆಂಡತಿ ಮಕ್ಕಳ ಸುರಕ್ಷತೆ, ಉಳಿದದ್ದು ಆಮೇಲೆ.

ವಿಷಯ ಎತ್ತಲು ಅಮಲು ಇಳಿದ ಬೆಳಗ್ಗೆ ಒಳ್ಳೆಯ ಹೊತ್ತು. "ನಿನ್ನೆ ಮಗು ಹೆದರಿ ನನ್ನ ಸೆರಗು ಬಿಡದೆ ಮಲಗಿತ್ತು ಕಣ್ರೀ. ಒಂದ್ಸಲ ಡಾಕ್ಟ್ರ ಹತ್ರ ಮಾತಾಡ್ಕೊಂಡು ಬರೋಣ, ನಾನೂ ಬರ್ತೀನಿ" ಎಂಬಷ್ಟು ಚಿಕ್ಕ ಮಾತು ಸಾಕು. ಒಪ್ಪಿದ ಮನಸ್ಸು ಸಂಜೆಯೊಳಗೆ ಬದಲಾಗಬಹುದು. ಎಲ್ಲಿಗೆ, ಯಾವ ವೈದ್ಯರ ಬಳಿಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಎರಡು ಕೆಲಸಗಳನ್ನು ಮಾತ್ರ ಮಾಡಲೇಬಾರದು. ಗೊತ್ತಾಗದಂತೆ ಊಟದಲ್ಲಿ ‘ಕುಡಿತ ಬಿಡಿಸುವ ಪುಡಿ’ ಬೆರೆಸುವುದು ಒಂದು. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಮೇಲೆ ಮದ್ಯ ಬಿದ್ದಾಗ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವುದು ಇನ್ನೊಂದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಮುಂದೆ ಸನ್ನಿ ಕಾಣಿಸಿಕೊಳ್ಳಬಹುದು. ಇಂಥವರು ಕುಡಿತ ಬಿಡಬೇಕಾದದ್ದು ವೈದ್ಯರ ಕಣ್ಗಾವಲಿನಲ್ಲೇ.

2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ರೋಗಿಯ ಒಪ್ಪಿಗೆಯಿಲ್ಲದೆ ದಾಖಲಿಸಲು ಅವಕಾಶವಿದೆ. ಅದು ತನಗೋ ಇತರರಿಗೋ ಅಪಾಯ ತರುವ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾರದ ತೀವ್ರ ಸ್ಥಿತಿಗೆ ಮಾತ್ರ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ಮೊದಲ ದಾಖಲಾತಿಯ ಮಿತಿ 30 ದಿನ. ಆದರೆ ಸ್ಥಿತಿ ಅಷ್ಟು ತೀವ್ರವಾಗುವವರೆಗೆ ಕಾಯಬೇಕಿಲ್ಲ. ರೋಗಿ ಬರದಿದ್ದರೂ ಮನೆಯವರೇ ಮನೋವೈದ್ಯರನ್ನು ಕಾಣಬಹುದು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.